ಕೆಂಪಿನೊಳಗಣ ಗಾಜು

ಹರಳು ಕೊಳ್ಳಲು ಬಂದ ಗೃಹಸ್ಥರು ನಮ್ಮ ಕಾಲದಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದು ನಿಜವಾದ ಕೆಂಪೇನು?" "ಹೌದು" ಎಂಬ ಉತ್ತರ ದೊರೆತೊಡನೆ ಅವರ ಮನಸ್ಸು ಸಮಾಧಾನಗೊಳ್ಳುತ್ತಿತ್ತು, ಮಿಕ್ಕ ಮಾತೆಲ್ಲ ಬೆಲೆಯನ್ನು ಕುರಿತದ್ದು. ಬೆಂಗಳೂರು ಪೇಟೆಯ ರತ್ನಪಡಿ ವರ್ತಕರೊಬ್ಬರ ಬಳಿ ಯೌವನದಲ್ಲಿಯೇ ಸೇರಿ, ಆಮೇಲೆ ಹರಳುಗಳ ಪರೀಕ್ಷೆಯನ್ನೇ ಸ್ವತಂತ್ರ ವೃತ್ತಿಯಾಗಿ ಕೈಕೊಂಡು, ಬಾಳಿನ ಬಹುಭಾಗವನ್ನು ಮಸೂರದ ಮುಂದೆ ಕಳೆದವನು ನಾನು. ಆ "ಹೌದು" ಎಂಬ ಮಾತು ಅಕ್ಷರಶಃ ಸತ್ಯವಾಗಿದ್ದೂ ಕೊಳ್ಳುವವನನ್ನು ಪೂರ್ತಿ ವಂಚಿಸಬಲ್ಲುದೆಂಬುದು ಆ ದೀರ್ಘ ವೃತ್ತಿಯಿಂದ ನನಗೆ ದೊರೆತ ಅರಿವು. ಅದನ್ನು ನಾಲ್ಕು ಜನರಿಗೆ ತಿಳಿಯುವಂತೆ ಬರೆದಿಡಬೇಕೆಂಬ ಆಸೆ ಬಹುದಿನದಿಂದಲೂ ಇದೆ.

ನನಗೆ ಈ ವಿದ್ಯೆಯನ್ನು ಕಲಿಸಿದ ಹಿರಿಯರು ಚಿಕ್ಕಪೇಟೆಯ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ, ಉತ್ತರಕ್ಕೆ ತೆರೆದ ಕಿಟಕಿಯ ಬಳಿ, ಬಿಳಿಯ ವಸ್ತ್ರವನ್ನು ಹಾಸಿಕೊಂಡು ಕುಳಿತುಕೊಳ್ಳುತ್ತಿದ್ದರು. ಉತ್ತರದ ಬೆಳಕಿನಲ್ಲಿ ನೇರ ಬಿಸಿಲಿನ ಹಳದಿ ಬೆರೆಯದು, ಆದುದರಿಂದ ಹರಳಿನ ವರ್ಣ ಇದ್ದಂತೆ ಕಾಣುವುದೆಂಬುದು ಅವರ ನಿಶ್ಚಿತ ಮತ. ಪಚ್ಚೆಯನ್ನು ಕೇಳಿಕೊಂಡು ಬಂದವರ ಮುಂದೆ ಕಾಗದದ ಪೊಟ್ಟಣವನ್ನು ಬಿಚ್ಚಿ, ಹರಳನ್ನು ಇಕ್ಕುಳದಲ್ಲಿ ಹಿಡಿದು ತೋರಿಸಿ, ಬೆಲೆಯ ಮಾತು ಹೊರಡುವುದಕ್ಕೆ ಮೊದಲೇ ಅವರು ಹೇಳುತ್ತಿದ್ದರು: "ಅಮ್ಮಾ, ಈ ಪಚ್ಚೆಯ ಮೈಯಲ್ಲಿ ಹುಟ್ಟಿನಿಂದ ಬಂದ ಬಿರುಕುಗಳಿವೆ; ಅವು ಕಾಣದಿರಲೆಂದು ಎಣ್ಣೆ ಕುಡಿಸಿದೆ. ಬಿಸಿನೀರಿಗೂ ಸೋಪಿಗೂ ತಗುಲಿಸಬೇಡಿ. ಕೆಲವು ವರ್ಷಗಳ ಮೇಲೆ ಮಂಕಾದರೆ ತನ್ನಿ, ಮತ್ತೆ ಎಣ್ಣೆ ಹಾಕಿಸಿಕೊಡುತ್ತೇನೆ." ಇದನ್ನು ಕೇಳಿ ಎದ್ದುಹೋದವರೂ ಉಂಟು, ಹೋದವರನ್ನು ಅವರು ಕರೆದವರಲ್ಲ. ಕೊಂಡವರು ಮಾತ್ರ ಮಗಳ ಮದುವೆಗೂ, ಮೊಮ್ಮಗಳ ಮದುವೆಗೂ ಅದೇ ಮೆಟ್ಟಿಲನ್ನು ಹತ್ತಿ ಬಂದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹರಳಿನ ಕೃತಕತೆ ನಿನ್ನೆ ಮೊನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಭಂಡಾರಕ್ಕೆ ಸೇರುವ ರತ್ನಗಳ ಪರೀಕ್ಷೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಲಕ್ಷಣವಿದೆ. ಕುಶಲರು ವಜ್ರದ ಪ್ರತಿರೂಪವನ್ನು ಯಾವ ಯಾವ ವಸ್ತುಗಳಿಂದ ಮಾಡುತ್ತಾರೆಂಬುದನ್ನು ಗರುಡಪುರಾಣ ಎಣಿಸಿ ಹೇಳುತ್ತದೆ. ಕೆಂಪನ್ನು ಬೆಂಕಿಗೆ ಹಿಡಿದು ಬಣ್ಣವನ್ನು ತಿಳಿಗೊಳಿಸುವ ವಿಧಾನವನ್ನು ಹನ್ನೊಂದನೆಯ ಶತಮಾನದ ಅಲ್ ಬಿರೂನಿ ವರ್ಣಿಸಿದ್ದಾನೆ. 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬ ರಸಾಯನಜ್ಞನು ಅಲ್ಯೂಮಿನದ ಪುಡಿಯನ್ನು ಉರಿಯಲ್ಲಿ ಕರಗಿಸಿ ಕೆಂಪನ್ನು ಬೆಳೆಯಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಆ ಹರಳುಗಳು ಪ್ರಪಂಚದ ಎಲ್ಲ ಪೇಟೆಗಳಿಗೂ ಹರಿದುಬಂದುವು. ನಮ್ಮ ಅಜ್ಜಿಯರ ಕಾಲದ ಓಲೆಗಳಲ್ಲಿ, ಅಡ್ಡಿಕೆಗಳಲ್ಲಿ ಬರ್ಮಾದ್ದೆಂದು ಮನೆಮಂದಿ ನಂಬಿದ್ದ ಕೆಂಪನ್ನು ಮಸೂರದಲ್ಲಿ ನೋಡಿ, ಒಳಗೆ ಬಿಲ್ಲಿನಂತೆ ಬಾಗಿದ ವೃದ್ಧಿರೇಖೆಗಳನ್ನು ಗುರುತಿಸಿದ ಪ್ರಸಂಗಗಳು ನನಗೆ ಅನೇಕ. ಭೂಗರ್ಭದಲ್ಲಿ ಹುಟ್ಟಿದ ಕೆಂಪಿನಲ್ಲಿ ಅಂಥ ರೇಖೆಗಳು ನೇರವಾಗಿಯೋ ಕೋನಕೋನವಾಗಿಯೋ ಇರುತ್ತವೆಯೇ ಹೊರತು ಎಂದಿಗೂ ಬಾಗಿರುವುದಿಲ್ಲ. "ನಿಜವೋ ಸುಳ್ಳೋ" ಎಂಬ ಒಂದೇ ಪ್ರಶ್ನೆಗೆ ಆ ಕಾಲದಲ್ಲಿ ಪೂರ್ಣವಾದ ಅರ್ಥವಿದ್ದಿತು.

ಹಾಗೆಂದು ನಿಸರ್ಗದಿಂದ ಬಂದ ಹರಳನ್ನು ಮನುಷ್ಯನು ಮುಟ್ಟಲೇಬಾರದೆಂಬ ವಾದ ನನ್ನದಲ್ಲ. ಒಮ್ಮೆ ಸಿಂಹಳಕ್ಕೆ ಹೋಗಿದ್ದಾಗ ರತ್ನಪುರದ ಗಣಿಗಳನ್ನು ನೋಡಿಕೊಂಡು ಕಡಲ ಕರೆಯ ಬೇರುವಲ ಎಂಬ ಊರಿಗೆ ಬಂದೆನು. ಅಲ್ಲಿ ಒಬ್ಬ ವೃದ್ಧ ಕುಶಲಿ ತೆಂಗಿನ ಚಿಪ್ಪಿನ ಇದ್ದಲ ಕುಳಿಯೊಂದರ ಮುಂದೆ ಕುಳಿತು, ಉದ್ದವಾದ ಊದುಗೊಳವೆಯಿಂದ ಉಸಿರು ಕಡಿಯದಂತೆ ಊದುತ್ತ, ಕೆಂಡದ ನಡುವೆ ಹುದುಗಿಸಿದ ಹರಳುಗಳನ್ನು ಕಾಯಿಸುತ್ತಿದ್ದನು. ಕೆನ್ನೆ ಉಬ್ಬಿ ತಗ್ಗುತ್ತಿದ್ದರೂ ಕೊಳವೆಯ ಗಾಳಿ ಒಂದೇ ಸಮನಾಗಿ ಹೊರಡುತ್ತಿತ್ತು. ಕೆಂಡ ಆರಿದ ಮೇಲೆ ಹೊರಬಂದ ಹರಳಿನಲ್ಲಿ, ಮೊದಲು ಕೆಂಪಿನೊಡನೆ ಕಲಸಿಕೊಂಡಿದ್ದ ನೀಲಿಯ ಛಾಯೆ ಅಳಿದು, ಶುದ್ಧವಾದ ರಕ್ತವರ್ಣ ಮೂಡಿದ್ದಿತು. ಹರಳಿಗೆ ಹೊರಗಿನಿಂದ ಏನನ್ನೂ ಸೇರಿಸಿರಲಿಲ್ಲ. ಅದರ ಒಳಗೆ ಇದ್ದುದನ್ನೇ ಅಗ್ನಿ ಹಸನುಗೊಳಿಸಿದ್ದಿತು. ಅಂಥ ಕಲೆಗೆ ನಾನು ಅಂದೂ ತಲೆಬಾಗಿದೆನು, ಇಂದೂ ತಲೆಬಾಗುತ್ತೇನೆ.

ಅದೇ ನಾಡಿನಲ್ಲಿ ಗೆವುಡ ಎಂಬ ಹಾಲುಮಬ್ಬಿನ ಕಲ್ಲು ಹೇರಳವಾಗಿ ಸಿಕ್ಕುತ್ತಿತ್ತು. ಬೆಲೆಯಿಲ್ಲದ್ದೆಂದು ಜನ ಅದನ್ನು ಬದಿಗೆ ಎಸೆಯುತ್ತಿದ್ದರು. 1970ರ ದಶಕದಲ್ಲಿ ಥಾಯ್‌ಲೆಂಡಿನ ವರ್ತಕರು ಅದನ್ನು ಅಲ್ಪಬೆಲೆಗೆ ಕೊಂಡೊಯ್ದು, 1500ರಿಂದ 1800 ಡಿಗ್ರಿ ಸೆಲ್ಸಿಯಸ್‌ವರೆಗಿನ ಕುಲುಮೆಗಳಲ್ಲಿ ಕಾಯಿಸಿ, ಕಡುನೀಲವನ್ನಾಗಿ ಮಾರ್ಪಡಿಸತೊಡಗಿದರು. ರಹಸ್ಯವೇನೆಂದರೆ, ಆ ಮಬ್ಬಿಗೆ ಕಾರಣವಾದುದು ಟೈಟೇನಿಯಂ ಉಳ್ಳ ರೂಟೈಲ್ ಎಂಬ ಖನಿಜದ ಅತಿಸೂಕ್ಷ್ಮ ಸೂಜಿಗಳು. ಇವನ್ನು ನಮ್ಮವರು ರೇಷ್ಮೆಯೆಂದೇ ಕರೆಯುತ್ತಾರೆ. ತಕ್ಕ ಶಾಖದಲ್ಲಿ ಆ ರೇಷ್ಮೆ ಕರಗಿ, ಟೈಟೇನಿಯಂ ಹರಳಿನ ಒಡಲನ್ನು ಸೇರಿ, ಅಲ್ಲಿರುವ ಕಬ್ಬಿಣದೊಡನೆ ಕೂಡಿ ನೀಲವರ್ಣವನ್ನು ಹುಟ್ಟಿಸುತ್ತದೆ. ಈ ಬಣ್ಣ ಮಾಸುವುದಿಲ್ಲ. ಇಂದು ಪೇಟೆಗೆ ಬರುವ ನೀಲ ಕೆಂಪುಗಳಲ್ಲಿ ಬಹುಪಾಲು ಬೆಂಕಿಯನ್ನು ಕಂಡುಬಂದಂಥವೇ. ಆದರೆ ಬೆಂಕಿ ಕಾಣದೆ ಸಹಜವಾಗಿಯೇ ಅಷ್ಟು ಚೆಲುವಾಗಿರುವ ಹರಳು ಅತ್ಯಂತ ವಿರಳ. ಆದುದರಿಂದ ಅದಕ್ಕೂ ಇದಕ್ಕೂ ಬೆಲೆಯಲ್ಲಿ ಮಹದಂತರವಿದೆ. ಕಾಯಿಸಿದ ಹರಳನ್ನು ಕಾಯಿಸಿದ್ದೆಂದು ಹೇಳಿ ಮಾರಿದರೆ ಯಾರಿಗೂ ಅನ್ಯಾಯವಿಲ್ಲ. ಕಾಯಿಸಿದ್ದನ್ನು ಮುಚ್ಚಿಟ್ಟು ಕಾಯಿಸದುದರ ಬೆಲೆಯನ್ನು ತೆಗೆದುಕೊಂಡಲ್ಲಿಯೇ ಅಧರ್ಮದ ಆರಂಭ.

ಆರಂಭವಾದುದು ಅಲ್ಲಿಗೆ ನಿಲ್ಲಲಿಲ್ಲ. ಜಯಪುರದ ಜೋಹರಿ ಬಜಾರಿನ ಗಲ್ಲಿಗಳಲ್ಲಿ ನಾನು ಅಡ್ಡಾಡಿದ ದಿನಗಳಲ್ಲಿ ಪಚ್ಚೆಗೆ ಬರಿಯ ಎಣ್ಣೆಯಲ್ಲದೆ ಜೋಬನ್ ಎಂಬ ಹಸಿರು ಬಣ್ಣದ ಎಣ್ಣೆಯನ್ನೂ ಉಣಿಸುತ್ತಿದ್ದುದನ್ನು ಕಂಡೆನು. ಬಣ್ಣವಿಲ್ಲದ ಎಣ್ಣೆ ಬಿರುಕನ್ನು ಮರೆಸಿದರೆ, ಬಣ್ಣದ ಎಣ್ಣೆ ಇಲ್ಲದ ಗುಣವನ್ನೇ ಇದೆಯೆಂದು ತೋರಿಸುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ದೊರೆಯುವ, ಕೆಂಪು ನೀಲಗಳೆರಡರ ಮೂಲಖನಿಜವಾದ ಕುರುಂದದ ಕೆಂಪು ಬಹುಮಟ್ಟಿಗೆ ಅಪಾರದರ್ಶಕ. ಗುಂಡಾಗಿ ಉಜ್ಜಿದರೆ ಕೆಲವೊಂದರಲ್ಲಿ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ಆ ಸಾಧುವಾದ ಕಲ್ಲಿಗೂ ಕೆಂಪೆಣ್ಣೆ ಕುಡಿಸಿ ಉತ್ತಮ ಜಾತಿಯ ಕೆಂಪೆಂದು ಮಾರಿದವರುಂಟು. ಅಸಿಟೋನಿನಲ್ಲಿ ಅದ್ದಿದ ಹತ್ತಿಯ ತುಂಡಿನಿಂದ ಅದನ್ನು ಒರೆಸಿದಾಗ ಹತ್ತಿ ಕುಂಕುಮದ ಬಣ್ಣಕ್ಕೆ ತಿರುಗುವುದನ್ನು ಕೊಂಡವರಿಗೆ ತೋರಿಸಬೇಕಾದ ಸಂಕಟ ನನ್ನ ಪಾಲಿಗೆ ಬಂದುದುಂಟು.

ಶತಮಾನ ಬದಲಾಗುವ ವೇಳೆಗೆ ವಿದ್ಯೆ ಇನ್ನೂ ಮುಂದೆ ಹೋಯಿತು. ಥಾಯ್‌ಲೆಂಡಿನ ಚಂಥಬುರಿಯ ಕುಲುಮೆಗಳಲ್ಲಿ ಹರಳಿನ ಜೊತೆಗೆ ಬೆರಿಲಿಯಂ ಉಳ್ಳ ಖನಿಜವನ್ನು ಸೇರಿಸಿ ಕಾಯಿಸುವುದರಿಂದ ಪೇಲವವಾದ ಕುರುಂದ ಕಿತ್ತಳೆಯೂ ಹೊಂಬಣ್ಣವೂ ಆಗುವ ಸಂಗತಿ 2002ರ ಆದಿಯಲ್ಲಿ ಬಯಲಿಗೆ ಬಂದು, ರತ್ನವ್ಯಾಪಾರದ ಲೋಕವೇ ತಲ್ಲಣಿಸಿತು. ಪದ್ಮದ ಬಣ್ಣದ ದುರ್ಲಭ ಹರಳೆಂದು ಮಾರಿದ್ದವುಗಳಲ್ಲಿ ಅನೇಕವು ಇಂಥವೇ ಆಗಿದ್ದುವು. ಬೆರಿಲಿಯಂ ಹೊಕ್ಕ ಹರಳನ್ನು ನಿಶ್ಚಯವಾಗಿ ಗುರುತಿಸಬೇಕಾದರೆ ಲೇಸರ್ ಕಿರಣದಿಂದ ಅದರ ಅಣುಮಾತ್ರವನ್ನು ಆವಿಗೊಳಿಸಿ ಪರೀಕ್ಷಿಸುವ ಬೃಹದ್ಯಂತ್ರ ಬೇಕು. ಮಸೂರ ಹಿಡಿದ ನನ್ನಂಥವನಿಗೆ ಎಷ್ಟೋ ವೇಳೆ ಅದು ಅಗೋಚರ. ಪರೀಕ್ಷಕನೇ ಕಾಣಲಾರದುದನ್ನು ಕೊಳ್ಳುವ ಗೃಹಿಣಿ ಕಾಣಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ?

ಇವೆಲ್ಲವನ್ನೂ ಮೀರಿಸಿ ಸಾಮಾನ್ಯ ಸಂಸಾರಗಳನ್ನು ತಟ್ಟಿದುದು ಗಾಜು ತುಂಬಿದ ಕೆಂಪು. ಮಡಗಾಸ್ಕರ್ ದ್ವೀಪದ ಆಂಡಿಲಮೆನ ಪ್ರದೇಶದಿಂದ ಹೊರಟ ಕಚ್ಚಾ ಕೆಂಪಿನಲ್ಲಿ ಬಹುಪಾಲು ಬಿರುಕುಗಳಿಂದ ಜರ್ಝರಿತವಾಗಿ, ಕಡೆಯಲು ಬಾರದಂಥದು. ಅದನ್ನು ಆಮ್ಲದಲ್ಲಿ ತೊಳೆದು, ಬಿರುಕುಗಳ ಸಂದಿಗೊಂದಿಯ ಕೊಳೆಯನ್ನೆಲ್ಲ ತೆಗೆದು, ಸೀಸ ಬೆರೆತ ಗಾಜಿನ ಪುಡಿಯೊಡನೆ ಸುಮಾರು 900 ಡಿಗ್ರಿಯ ಶಾಖಕ್ಕೆ ಒಡ್ಡಿದರೆ, ಗಾಜು ನೀರಾಗಿ ಪ್ರತಿಯೊಂದು ಬಿರುಕಿನೊಳಗೂ ಹರಿದು ತುಂಬಿಕೊಳ್ಳುತ್ತದೆ. ಸೀಸದ ಗಾಜು ಬೆಳಕನ್ನು ಬಾಗಿಸುವ ಪ್ರಮಾಣ ಕೆಂಪಿನ ಪ್ರಮಾಣಕ್ಕೆ, ಎಂದರೆ ಸುಮಾರು 1.76ಕ್ಕೆ, ಬಹು ಸಮೀಪವಾದುದರಿಂದ ಕಣ್ಣಿಗೆ ಬಿರುಕೇ ಕಾಣದಾಗುತ್ತದೆ. ಒಡಕು ಕಲ್ಲು ನೋಡನೋಡುತ್ತ ನಿರ್ಮಲವಾದ ಮಾಣಿಕ್ಯವಾಗುತ್ತದೆ. ಬಿರಿದ ಗೋಡೆಯ ಸಂದಿಗೆ ಗಾರೆ ಮೆತ್ತಿ ಸುಣ್ಣ ಬಳಿದು ಹೊಸಮನೆಯೆಂದು ಮಾರಿದಂತಾಯಿತು. 2004ರಲ್ಲಿ ಜಪಾನಿನ ಪ್ರಯೋಗಾಲಯವೊಂದು ಇದರ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿತು; ಕೆಲವೇ ವರ್ಷಗಳಲ್ಲಿ ಇದು ನಮ್ಮ ಪೇಟೆಗಳಲ್ಲಿ ರಾಶಿರಾಶಿಯಾಗಿ ಬಂದಿಳಿಯಿತು. ಇಂಥ ಹರಳಿನ ತೂಕದಲ್ಲಿ ಗಾಜಿನ ಪಾಲೂ ಗಣನೀಯ. ಕ್ಯಾರೆಟ್ ಲೆಕ್ಕದಲ್ಲಿ ಕೊಳ್ಳುವವನು ಗಾಜಿಗೂ ಮಾಣಿಕ್ಯದ ದರವನ್ನೇ ತೆರುತ್ತಾನೆ.

ಅಂಥ ಒಂದು ಹರಳು ನನ್ನ ಮೇಜಿಗೆ ಬಂದುದು ನಿವೃತ್ತ ಉಪಾಧ್ಯಾಯಿನಿಯೊಬ್ಬರ ಕೈಯಿಂದ. ಸೂರ್ಯಗ್ರಹದ ಪ್ರೀತ್ಯರ್ಥವಾಗಿ ಮಾಣಿಕ್ಯವನ್ನು ಧರಿಸಬೇಕೆಂದು ಯಾರೋ ಹೇಳಿದ್ದರಂತೆ. ನಿವೃತ್ತಿಯ ವೇಳೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು, ಪ್ರತಿಷ್ಠಿತವೆನಿಸಿದ್ದ ಅಂಗಡಿಯೊಂದರಲ್ಲಿ ಉಂಗುರವನ್ನು ಕೊಂಡಿದ್ದರು. ಬಿಲ್ಲಿನಲ್ಲಿ "ನ್ಯಾಚುರಲ್ ರೂಬಿ" ಎಂದು ಸ್ಪಷ್ಟವಾಗಿ ಬರೆದಿದ್ದಿತು. ಕೆಲವು ತಿಂಗಳ ಮೇಲೆ ಉಂಗುರ ಸಡಿಲವಾಯಿತೆಂದು ಮನೆಯ ಬಳಿಯ ಅಕ್ಕಸಾಲಿಗನಿಗೆ ಕೊಟ್ಟರು. ಶುದ್ಧವಾದ ಮಾಣಿಕ್ಯ ಬೆಸುಗೆಯ ಉರಿಯನ್ನು ತಾಳಿಕೊಳ್ಳುವುದೆಂಬುದು ಅಕ್ಕಸಾಲಿಗರ ಅನುಭವ. ಆದುದರಿಂದ ಅವನು ಹರಳನ್ನು ಕಳಚದೆ ಬಿಳಿಗಾರವಿಟ್ಟು ಊದಿ ಬೆಸೆದು, ವಾಡಿಕೆಯಂತೆ ಆಮ್ಲದ ನೀರಿನಲ್ಲಿ ಅದ್ದಿ ತೆಗೆದನು. ತೆಗೆದಾಗ ಕೆಂಪಿನ ಮೇಲೆಲ್ಲ ಬೆಳ್ಳನೆಯ ಬಲೆ ಹೆಣೆದಂತಾಗಿದ್ದಿತು. ನಾನು ಅದನ್ನು ಮಸೂರದ ಕೆಳಗೆ ಹಿಡಿದು ನೋಡಿದೆನು. ಮೇಲ್ಮೈಗೆ ಬಂದ ಪ್ರತಿಯೊಂದು ಬಿರುಕಿನ ಉದ್ದಕ್ಕೂ ಗಾಜು ಕರಗಿ ಸಣ್ಣ ಕಾಲುವೆಗಳಾಗಿದ್ದುವು; ಆಳದಲ್ಲಿ ಉಳಿದ ಗಾಜಿನಲ್ಲಿ ಗಾಳಿಯ ಗುಳ್ಳೆಗಳು ಚಪ್ಪಟೆಯಾಗಿ ಸಿಕ್ಕಿಕೊಂಡಿದ್ದುವು; ಹರಳನ್ನು ಮೆಲ್ಲನೆ ಓರೆಮಾಡಿದಾಗ ಬಿರುಕಿನ ಅಂಚಿನಲ್ಲಿ ನವಿಲುಗತ್ತಿನ ನೀಲಿಯೊಂದು ಮಿಂಚಿ ಮರೆಯಾಯಿತು. ಕೆಂಪಿನೊಳಗೆ ಕಾಣುವ ಆ ನೀಲಿಯ ಮಿಂಚು ಗಾಜಿನ ಸಾಕ್ಷಿ.

ಆಕೆಯ ಮನೆಯವರು ಈ ಮೊದಲೇ ಅಕ್ಕಸಾಲಿಗನನ್ನು ಕಳ್ಳನೆಂದು ಬೈದು, ಹರಳನ್ನು ಬದಲಾಯಿಸಿದನೆಂದು ಬೀದಿಯಲ್ಲೆಲ್ಲ ಹೇಳಿಬಿಟ್ಟಿದ್ದರು. ಬೆಂಕಿಯಲ್ಲಿ ಬಾಳುವ, ದಿನದ ಕೂಲಿಯಿಂದ ಜೀವಿಸುವ ಆ ಮನುಷ್ಯನ ಹೆಸರು ಮೂರು ತಿಂಗಳಲ್ಲಿ ಹಾಳಾಗಿ, ಕೆಲಸ ಕೊಡುವವರೇ ಇಲ್ಲದಾಗಿದ್ದರು. ಅಂಗಡಿಯವರನ್ನು ವಿಚಾರಿಸಿದುದಕ್ಕೆ, "ನಾವು ನ್ಯಾಚುರಲ್ ಎಂದು ಬರೆದಿದ್ದೇವೆ, ಗಣಿಯಿಂದ ಬಂದುದು ನ್ಯಾಚುರಲ್ಲೇ ಅಲ್ಲವೆ?" ಎಂಬ ಉತ್ತರ ಬಂದಿತು. ಬರಹದಲ್ಲಿ ಪರೀಕ್ಷಾ ವರದಿಯನ್ನು ಮುಂದಿಟ್ಟ ಮೇಲೆ ಹಣವೇನೋ ಹಿಂದಕ್ಕೆ ಬಂದಿತು. ಆ ಉಪಾಧ್ಯಾಯಿನಿ ಮಾತ್ರ ಅಷ್ಟಕ್ಕೆ ತೃಪ್ತರಾಗದೆ, ನನ್ನ ವರದಿಯನ್ನು ಹಿಡಿದುಕೊಂಡು ತಾವೇ ಅಕ್ಕಸಾಲಿಗನ ಅಂಗಡಿಗೆ ಹೋಗಿ, ಬೀದಿಯ ನಾಲ್ವರು ಕೇಳುವಂತೆ ಅದನ್ನು ಓದಿ, ಅವನ ನಿರ್ದೋಷವನ್ನು ಸಾರಿ ಬಂದರು. ಆಕೆಯ ವಿಷಯದಲ್ಲಿ ನನಗಿರುವ ಗೌರವ ಅಪಾರವಾದುದು. ಮುಚ್ಚಿಟ್ಟ ಸತ್ಯದ ಭಾರ ಯಾರ ಹೆಗಲ ಮೇಲೆ ಬೀಳುವುದೆಂಬುದು ಮುಚ್ಚಿಟ್ಟವನ ಕೈಯಲ್ಲಿರುವುದಿಲ್ಲ. ಅದು ಮಾರಿದವನನ್ನು ಬಿಟ್ಟು, ಕೊಂಡವಳನ್ನೂ ಬಿಟ್ಟು, ನಡುವೆ ಪ್ರಾಮಾಣಿಕವಾಗಿ ದುಡಿದವನ ಮೇಲೆ ಬಿದ್ದುದನ್ನು ಕಂಡಂದಿನಿಂದ ಈ ವಿಷಯದಲ್ಲಿ ನನ್ನ ಮನಸ್ಸು ಕಠಿನವಾಗಿದೆ.

ಗ್ರಹಶಾಂತಿಗೆ ಹರಳನ್ನು ಧರಿಸುವವರ ನಂಬಿಕೆಯನ್ನು ಕುರಿತು ವಾದಿಸುವುದು ನನ್ನ ಕೆಲಸವಲ್ಲ. ಆದರೆ ಆ ನಂಬಿಕೆಗೆ ಆಧಾರವಾದ ರತ್ನಶಾಸ್ತ್ರವೇ ಬಿರುಕನ್ನು ದೋಷವೆಂದು ಹೇಳಿ, ದೋಷವುಳ್ಳ ರತ್ನವನ್ನು ಧರಿಸಬಾರದೆಂದು ವಿಧಿಸಿದೆ. ಹೀಗಿರಲು ಒಡಲೆಲ್ಲ ಬಿರುಕಾದ ಕಲ್ಲಿಗೆ ಗಾಜು ತುಂಬಿ, ನಿರ್ದೋಷವಾದ ರಾಶಿರತ್ನವೆಂದು ರತ್ತಿಯ ಲೆಕ್ಕದಲ್ಲಿ ಮಾರುವವನು ಕೊಳ್ಳುವವನ ಹಣವನ್ನಷ್ಟೇ ಅಲ್ಲ, ಅವನ ಶ್ರದ್ಧೆಯನ್ನೂ ಅಪಹರಿಸುತ್ತಾನೆ. ಪುಷ್ಯರಾಗದ ಹೆಸರಿನಲ್ಲಿ, ನೇರಳೆ ಸ್ಫಟಿಕವನ್ನು ಕಾಯಿಸಿ ಹಳದಿಯಾಗಿಸಿದ ಸುನೇಲಾ ಕಲ್ಲನ್ನು ಕೊಟ್ಟು ಕಳುಹಿಸುವುದೂ ಇದೇ ಜಾತಿಯ ಕೃತ್ಯ.

"ಸರ್ಟಿಫಿಕೇಟ್ ಇದೆ" ಎಂಬ ಮಾತು ಈಗ ಎಲ್ಲ ಸಂಶಯಗಳಿಗೂ ಕೊನೆಯ ಉತ್ತರವಾಗಿದೆ. ಯೋಗ್ಯವಾದ ಪ್ರಯೋಗಾಲಯದ ವರದಿ ಅಮೂಲ್ಯವಾದ ವಸ್ತು. ಜಯಪುರದಲ್ಲಿ 1972ರಲ್ಲಿಯೇ ರತ್ನಪರೀಕ್ಷೆಯ ಪ್ರಯೋಗಾಲಯ ಸ್ಥಾಪಿತವಾಗಿ ವ್ಯಾಪಾರಕ್ಕೆ ಮಹದುಪಕಾರ ಮಾಡಿದೆ. ಆದರೆ ವರದಿಯನ್ನು ಗಿಲೀಟಿನ ಮುದ್ರೆಗಾಗಿ ನೋಡದೆ ಒಳಗಿನ ಸಾಲುಗಳಿಗಾಗಿ ಓದಬೇಕು. ಮೇಲೆ ದಪ್ಪಕ್ಷರದಲ್ಲಿ ಸಹಜ ಮಾಣಿಕ್ಯವೆಂದೂ, ಕೆಳಗೆ ಸಣ್ಣಕ್ಷರದ ಟಿಪ್ಪಣಿಯಲ್ಲಿ ಬಿರುಕುಗಳಲ್ಲಿ ಗಾಜು ತುಂಬಿದೆಯೆಂದೂ ಇರುವ ವರದಿಗಳನ್ನು ನಾನು ನೋಡಿದ್ದೇನೆ. ವರದಿ ಕೊಟ್ಟವರು ಸತ್ಯವನ್ನೇ ಬರೆದಿರುತ್ತಾರೆ. ಮಾರುವವನ ಹೆಬ್ಬೆರಳು ಆ ಕೊನೆಯ ಸಾಲಿನ ಮೇಲೆ ಇರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಅಧಿನಿಯಮವು, ಮುಖ್ಯವಾದ ಮಾಹಿತಿಯನ್ನು ಬುದ್ಧಿಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ಅದಕ್ಕೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸುಳ್ಳು ಹೇಳಲಿಲ್ಲವೆಂಬುದು ಮಾತ್ರವೇ ಸಮರ್ಥನೆಯಾಗಲಾರದೆಂಬ ಈ ತತ್ತ್ವ ನನಗೆ ಬಹು ಪ್ರಿಯವಾದುದು. ಚಿನ್ನದ ಶುದ್ಧತೆಗೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಅದು ಲೋಹದ ಮಾತು, ಹರಳಿನದಲ್ಲ. ಉಂಗುರದ ಒಳಮೈಯ ಮುದ್ರೆಯನ್ನು ತೋರಿಸಿ ಹರಳಿಗೂ ಅದೇ ಭರವಸೆ ಎಂಬ ಭಾವನೆ ಹುಟ್ಟಿಸುವವರ ವಿಷಯದಲ್ಲಿ ಕೊಳ್ಳುವವರು ಎಚ್ಚರವಾಗಿರತಕ್ಕದ್ದು.

ಗಾಜು ತುಂಬಿದ ಕೆಂಪನ್ನು ಮಾರಲೇಬಾರದೆಂದು ನಾನು ಹೇಳುವವನಲ್ಲ. ಅಲ್ಪವಿತ್ತದ ಹೆಣ್ಣುಮಗಳೊಬ್ಬಳು ನೋಡಲು ಚೆಲುವಾದ ಕೆಂಪನ್ನು ಅಲ್ಪಬೆಲೆಗೆ ಕೊಂಡು ಸಂತೋಷದಿಂದ ತೊಟ್ಟರೆ ಅದು ಲೋಕಕ್ಕೆ ಒಳ್ಳೆಯದೇ. ಆದರೆ ಗಾಜಿನ ಬೆಲೆಗೆ ಗಾಜನ್ನು ಕೊಟ್ಟು, ನಿಂಬೆಯ ರಸ ತಗುಲಿದರೂ ಇದು ಕೆಡುವುದು, ಉರಿಗೆ ಒಡ್ಡಬೇಡಿ ಎಂಬ ತಿಳಿವಳಿಕೆಯನ್ನೂ ಜೊತೆಗೆ ಕೊಡತಕ್ಕದ್ದು. ಮಿಕ್ಕ ಅನೇಕ ಸರಕುಗಳಲ್ಲಿ ಕೊಳ್ಳುವವನು ತನ್ನ ಕಣ್ಣು, ಮೂಗು, ನಾಲಗೆಗಳನ್ನು ನಂಬಬಹುದು. ಹರಳಿನಲ್ಲಿ ಅವನ ಇಂದ್ರಿಯಗಳಾವುವೂ ಅವನಿಗೆ ನೆರವಾಗುವುದಿಲ್ಲ. ತಿಳಿವೆಲ್ಲ ಒಂದೇ ಕಡೆಗೆ ಇರುವ ವ್ಯಾಪಾರದಲ್ಲಿ ಹೇಳುವ ಹೊಣೆಯೂ ಆ ಕಡೆಗೇ ಸೇರಿದುದು. ಕೇಳಲಿಲ್ಲವಾದುದರಿಂದ ಹೇಳಲಿಲ್ಲವೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಆದುದರಿಂದ ಹರಳು ಕೊಳ್ಳುವ ಪ್ರತಿಯೊಬ್ಬರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು: "ನಿಜವೇ?" ಎಂಬ ಹಳೆಯ ಪ್ರಶ್ನೆಯಲ್ಲಿ ನಿಲ್ಲಬೇಡಿ. ಇದು ಯಾವ ಖನಿಜ, ಗಣಿಯಲ್ಲಿ ಹುಟ್ಟಿದುದೋ ಪ್ರಯೋಗಾಲಯದಲ್ಲಿ ಬೆಳೆದುದೋ, ಇದಕ್ಕೆ ಶಾಖ, ಎಣ್ಣೆ, ಬಣ್ಣ, ಗಾಜು ಇವುಗಳಲ್ಲಿ ಯಾವ ಸಂಸ್ಕಾರ ನಡೆದಿದೆ, ಇದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ನಾಲ್ಕು ಸಂಗತಿಗಳನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ. ನನ್ನ ಗುರುಗಳು ಕೇಳದೆಯೇ ಹೇಳುತ್ತಿದ್ದುದು ಈ ನಾಲ್ಕನ್ನೇ. ಅಂಥ ವರ್ತಕರು ಈಗಲೂ ನಮ್ಮ ಪೇಟೆಗಳಲ್ಲಿ ಇದ್ದಾರೆ. ಅವರು ಸಂತೋಷದಿಂದ ಬರೆದುಕೊಡುತ್ತಾರೆ. ಬರೆದುಕೊಡಲು ಹಿಂಜರಿಯುವವರಿಂದ ಯಾವ ಹರಳನ್ನೂ ಕೊಳ್ಳದಿರುವುದೇ ಲೇಸು. ನಾವು ಕೊಳ್ಳದೆ ಎದ್ದುಬಂದಷ್ಟೂ ಸತ್ಯ ಹೇಳಿ ಮಾರುವವರ ವ್ಯಾಪಾರ ಬಲಗೊಳ್ಳುತ್ತದೆ.